ಬಷೀರ್ ಸರ್ ಹೇಳಿದ ಸ್ವಂತ ಬಲ

ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ತೆವಳತೊಡಗಿದರೆ ಎಲ್ಲರೂ ಹಾರ್ನ್ ಹೊಡೆಯುತ್ತಾರೆ. ಬಷೀರ್ ಸರ್ ಪಾಠ ಮಾಡುತ್ತಿದ್ದರು. ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಸ್ಕೂಟರಿನ ಹಿಂದೆ ಕೂತ ನನಗೆ ಹೇಳುವರು: "ನೋಡೋ, ಆ ಕಾರಿನೋನು ತಾನೇ ಹೋಗ್ತಾ ಇದೀನಿ ಅಂದ್ಕೊಂಡಿದಾನೆ. ಪಾಪ, ಎಲ್ಲರ ಜೊತೆ ತೇಲ್ತಾ ಇದಾನೆ. ಈ ಬೈಕ್ ಹುಡ್ಗ ಬರೀ ಅಲ್ಲಾಡ್ತಾನೆ, ಎಲ್ಲಿಗೂ ಹೋಗಲ್ಲ. ಅಲ್ನೋಡು, ಎದುರಿನಿಂದ ನಡ್ಕೊಂಡ್ ಬರ್ತಿರೋ ಅಜ್ಜಿ! ಅವರೊಬ್ರೇ ಮೋಟೈಲ್!"

ಕಾಲೇಜಿನಲ್ಲಿ ಅವರು ನನಗೆ ಜೀವಶಾಸ್ತ್ರದ ಮೇಷ್ಟ್ರು, ಆರ್.ಟಿ. ನಗರದಲ್ಲಿ ಪಕ್ಕದ ಮನೆಯವರು. ಜೀವವೊಂದು ತನ್ನದೇ ಶಕ್ತಿ ಖರ್ಚು ಮಾಡಿ ಚಲಿಸುವುದಕ್ಕೆ ಪುಸ್ತಕದಲ್ಲಿ ಮೋಟಿಲಿಟಿ, ಅಂದರೆ ಚಲನಶೀಲತೆ, ಎಂದಿತ್ತು. ಸರ್ ಅದನ್ನು 'ಸ್ವಂತ ಬಲ' ಅನ್ನುತ್ತಿದ್ದರು. ಒಮ್ಮೆ ಕೆರೆ ನೀರಿನ ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತ ನಾನು ಕೂಗಿದೆ, "ಸರ್, ಬ್ಯಾಕ್ಟೀರಿಯಾ ಓಡ್ತಿದೆ!"

"ಪಕ್ಕದವೂ ಅದೇ ಕಡೆ ಹೋಗ್ತಿವೆಯಾ? ಹಾಗಾದ್ರೆ ಹರೀತಿರೋದು ನೀರು. ನಿಂತಲ್ಲೇ ನಡುಗ್ತಿದೆಯಾ? ನೀರಿನ ಕಣಗಳು ಗುದ್ದುತ್ತಿವೆ ಅಷ್ಟೇ, ಸತ್ತಿದ್ರೂ ಹಾಗೇ ನಡುಗುತ್ತೆ. ಎಲ್ಲರನ್ನೂ ಬಿಟ್ಟು ತನ್ನ ದಾರಿ ಹಿಡಿದ್ರೆ ಮಾತ್ರ ಓಡ್ತಿದೆ ಅಂತ ಬರೀ." ಆಮೇಲೆ ಬೆಂಚಿನ ಕೆಳಗೆ ಸುಮ್ಮನೆ ಅದುರುತ್ತಿದ್ದ ನನ್ನ ಕಾಲು ನೋಡಿ, "ನಿಂದು ಎರಡನೇ ಕೇಸು ಕಣೋ" ಅಂದರು.

ನನಗೇ ಅಂದರು ಅಂತ ನನ್ನ ನೆನಪು. ಪಕ್ಕದಲ್ಲಿ ಕೂರುತ್ತಿದ್ದ ಗಿರೀಶ, "ನಂಗೆ ಹೇಳಿದ್ದು ಗುರು ಅದು" ಅಂತಾನೆ.

ಹೋದ ವರ್ಷ ಸರ್‌ಗೆ ಕರುಳಿನ ಆಪರೇಷನ್ ಆಯಿತು. ಆಪರೇಷನ್ ಆದಮೇಲೆ ಕರುಳು ಸ್ವಲ್ಪ ಕಾಲ ನಿದ್ದೆ ಹೋಗುತ್ತದಂತೆ. ಗಾಳಿ ಹೋದರೆ ಎದ್ದಿದೆ ಅಂತ ಅರ್ಥ. ಅಲ್ಲಿಯವರೆಗೆ ಗುಟುಕು ಟೀ ಕೂಡ ಇಲ್ಲ. ನಾಲ್ಕು ದಿನವಾದರೂ ಸರ್ ಕರುಳು ಎದ್ದಿರಲಿಲ್ಲ. ನಾಳೆ ಬೆಳಿಗ್ಗೆಯೊಳಗೆ ಏಳದಿದ್ದರೆ ಮತ್ತೆ ಹೊಟ್ಟೆ ತೆರೆಯಬೇಕಾಗಬಹುದು, ಈ ವಯಸ್ಸಿಗೆ ಅದು ಕಷ್ಟ, ಅಂದಿದ್ದರು ಡಾಕ್ಟರು. ಸರ್ ಹೆಂಡತಿ ಶಾಹೀನಾ ಆಂಟಿ ಘಳಿಗೆಗೊಮ್ಮೆ ಬಗ್ಗಿ, "ಹವಾ ನಿಕ್ಲೀ ಕ್ಯಾ ಜೀ?" ಅಂತ ಕೇಳುವರು. ಗಾಳಿ ಹೋಯ್ತೇನ್ರೀ ಅಂತ. ಫೇಲಾದ ಹುಡುಗನ ಹಾಗೆ ಸರ್ ಇಲ್ಲವೆಂದು ತಲೆಯಾಡಿಸುವರು.

ಮಧ್ಯಾಹ್ನ ಎಲ್ಲಿಂದಲೋ 'ಗುರ್ರ್' ಅಂತು. ಆಂಟಿ ಎರಡೂ ಕೈ ಮೇಲೆತ್ತಿದರು.

"ಖುಷಿ ಪಡ್ಬೇಡ, ಅದು ನಿನ್ನ ಹೊಟ್ಟೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು" ಅಂದರು ಸರ್.

ಸಂಜೆ ಆ ಶಬ್ದ ಬಂತು. ಉದ್ದಕ್ಕೆ, ಸ್ಪಷ್ಟವಾಗಿ, ಯಾರ ಅನುಮಾನಕ್ಕೂ ಎಡೆಯಿಲ್ಲದಂತೆ. ಡ್ರಿಪ್ ಬದಲಿಸುತ್ತಿದ್ದ ನರ್ಸ್ ಮುಖ ತಿರುಗಿಸಿಕೊಂಡು ನಕ್ಕರು. ಸರ್ ಕಣ್ಣು ಮುಚ್ಚಿ, ರಿಸಲ್ಟ್ ಓದುವ ದನಿಯಲ್ಲಿ ಅಂದರು: "ಸ್ವಂತ ಬಲ." ಆಂಟಿ ಅಳುತ್ತಲೇ ನಗತೊಡಗಿದರು.

ಸರ್ ಮನೆಗೆ ಬಂದರು, ಟೀ ಕುಡಿದರು, ಮತ್ತೆ ಸ್ಕೂಟರನ್ನೂ ಹತ್ತಿದರು. ಈ ವರ್ಷ, ಮಳೆಗಾಲಕ್ಕೆ ಮುಂಚೆ, ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಆಂಟಿಯನ್ನು ಮಾತಾಡಿಸಲು ಹೋದಾಗ, ಬಂದಿದ್ದ ನೆಂಟರಿಗೆ ನಾನು ಆಸ್ಪತ್ರೆಯ ಈ ಕತೆಯನ್ನು ಅಭಿನಯ ಸಮೇತ ಹೇಳಿದೆ. ಎಲ್ಲರೂ ನಕ್ಕರು. ಆಂಟಿಯೂ ನಕ್ಕು, "ನೀನೆಲ್ಲಿದ್ದೆ ಬೇಟಾ ಆಗ?" ಅಂದರು. "ನಿನ್ನ ಕಾಲು ಅಲ್ಲಾಡಿ ಅಲ್ಲಾಡಿ ಮಂಚ ಅದುರ್ತಿತ್ತು. 'ಇವನನ್ನ ಕೆಳಗೆ ಕಳ್ಸು, ಪರೀಕ್ಷೆ ಕೆಡಿಸ್ತಾನೆ' ಅಂದ್ರು ಅವರು. ನೀನು ಕ್ಯಾಂಟೀನಿಗೆ ಹೋಗಿದ್ದೆ. ವಾಪಸ್ ಬಂದಮೇಲೆ ನಾನೇ ತಾನೆ ನಿಂಗೆ ಹೇಳಿದ್ದು?"

ನಾನು ವಾದಿಸಿದೆ. ನರ್ಸ್ ನಕ್ಕಿದ್ದು, ಸರ್ ಕಣ್ಣು ಮುಚ್ಚಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಆ ನೆನಪು ತಾನಾಗಿ ಈಜುತ್ತಿದೆಯೋ, ಆಂಟಿ ಹೇಳಿದ ಕತೆಯಲ್ಲಿ ತೇಲುತ್ತಿದೆಯೋ? ನೋಡಿ ಹೇಳಲು ಸರ್ ಇಲ್ಲ.

ಆಂಟಿ ಟೀ ತಂದು, ಸರ್ ಕುರ್ಚಿ ತೋರಿಸಿ ಕೂರು ಅಂದರು. ಕಪ್ ಖಾಲಿಯಾಗುವ ತನಕ ನಾನು ಕಾಲು ಅಲ್ಲಾಡಿಸಲಿಲ್ಲ. ಆಂಟಿ ಎದುರಿಗೇ ಇದ್ದರು. ಬೇಕಾದರೆ ಕೇಳಿ.