ಮರ ನನ್ನದು, ನೆರಳು ಪುಟ್ಟಮ್ಮನದು

ಹೋದ ಭಾನುವಾರ ಹೆಂಡತಿಯ ಹೊಲಿಗೆ ಟೇಪು ಕದ್ದು ಬೈಕ್ ಹತ್ತಿದೆ. ಎಲ್ಲಿಗೆ ಅಂತೀರಾ? ಮರಗಳ ಸೊಂಟ ಅಳೆಯೋಕೆ!

ನಗಬೇಡಿ. ನಂಜನಗೂಡಿನ ಆಚೆ ನಮ್ಮದೊಂದು ಎಕರೆ ಹೊಲವಿದೆ. ನಾನಿರೋದು ಸಿಟಿಯಲ್ಲಿ, ಸರಸ್ವತಿಪುರಂನಲ್ಲಿ. ಉಳುಮೆ, ಬಿತ್ತನೆ, ಕಳೆ ಎಲ್ಲ ಅಲ್ಲಿನ ಪುಟ್ಟಮ್ಮನದು. ಬೆಳೆದ ರಾಗಿಯಲ್ಲಿ ಅರ್ಧ ಆಕೆಗೆ, ಅರ್ಧ ನಮಗೆ. ಮೂರು ವರ್ಷದ ಹಿಂದೆ ಯೂಟ್ಯೂಬ್ ನೋಡಿ, ರಾಗಿಯ ನಡುನಡುವೆ ಹೆಬ್ಬೇವಿನ ಸಾಲು ನೆಡಿಸಿದ್ದೆ. ರಾಗಿ ವರ್ಷಾ ವರ್ಷ, ಮರ ಕಡಿದಾಗ ಇಡುಗಂಟು. ಎಂಥಾ ಪ್ಲಾನ್! (ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವನು ಸ್ವಾಮಿ, ಸುಮ್ನೇನಾ?)

ಹೋಗಿ ನೋಡಿದರೆ ಏನಿದೆ? ನನ್ನ ಮರಗಳೆಲ್ಲ ಬೋಳು! ತುದಿಯಲ್ಲಿ ಒಂದು ಹಿಡಿ ಎಲೆ ಬಿಟ್ಟು ಕೊಂಬೆಯೆಲ್ಲ ಸವರಿ ಹಾಕಿದ್ದಾರೆ. ಬದುವಿನ ಮೇಲೆ ಪುಟ್ಟಮ್ಮನ ಮೇಕೆಗಳಿಗೆ ಆ ಸೊಪ್ಪಿನದೇ ಮದುವೆ ಊಟ.

"ಏನಮ್ಮಾ ಇದು? ಮರ ಸತ್ತುಹೋಗಲ್ವಾ?" ಕೂಗಾಡಿದೆ.

ಪುಟ್ಟಮ್ಮ ಮಚ್ಚು ಕೆಳಗಿಟ್ಟು ಸೆರಗಲ್ಲಿ ಮುಖ ಒರೆಸಿಕೊಂಡಳು. "ಏನೂ ಆಗಕ್ಕಿಲ್ಲ ಬುಡಿ ಮೇಷ್ಟ್ರೇ, ಇನ್ನೂ ನೆಟ್ಟಗೆ ಬೆಳೀತವೆ. ಇಲ್ಲಿ ಬನ್ನಿ, ರಾಗಿ ನೋಡಿ."

ನೋಡಿದೆ. ಮರದ ಬುಡದ ಪೈರು ನನ್ನ ಮೊಣಕಾಲೂ ದಾಟಿರಲಿಲ್ಲ. ತೆನೆ ಕಿರುಬೆರಳಷ್ಟು.

"ಮರ ಪೂರಾ ನಿಮ್ದು. ನೆಳ್ಳಿಗೆ ಕಮ್ಮಿ ಆಗೋ ರಾಗೀಲಿ ಅರ್ಧ ನಷ್ಟ ನಂದು. ಇದ್ಯಾವ ನ್ಯಾಯ? ನಿಮಗೇನು, ರಾಗಿ ಇಲ್ದಿದ್ರೆ ಚಪಾತಿ. ನಮ್ಮನೇಲಿ ಐದು ಜನ, ವರ್ಷ ಪೂರ್ತಿ ಇದ್ರಲ್ಲೇ ಮುದ್ದೆ. ಹೋದ್ವರ್ಷ ಯುಗಾದಿಗೇ ಮೂಟೆ ಖಾಲಿ ಆಗ್ಬುಡ್ತು."

ನಾನು ಹಾಕಿದ ಲೆಕ್ಕದಲ್ಲಿ ಮರವಿತ್ತು, ರಾಗಿಯಿತ್ತು, ಪುಟ್ಟಮ್ಮನೇ ಇರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

"ಸರಿ ಕಣಮ್ಮ, ಮರದಲ್ಲೂ ಅರ್ಧ ನಿಂದೇ" ಅಂದುಬಿಟ್ಟೆ, ದೊಡ್ಡ ಮನುಷ್ಯನ ಹಾಗೆ.

"ಅಂಗಾದ್ರೆ ಬರ್ದು ಕೊಡಿ ಮೇಷ್ಟ್ರೇ."

ಜೇಬಿನಲ್ಲಿ ಪೆನ್ನಿತ್ತು. ಬೈಕಿನ ಬ್ಯಾಗಲ್ಲಿ ನೋಟ್‌ಬುಕ್ಕೂ ಇತ್ತು. "ಪೇಪರ್ ತಂದಿಲ್ವಲ್ಲಾ, ಮುಂದಿನ ಸಲ" ಎಂದು ಕಿಕ್ ಹೊಡೆದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಟೇಪು ಕಿತ್ತುಕೊಂಡು, "ಆ ಹೆಂಗಸಿಗೂ ಸುಳ್ಳು ಹೇಳಿ ಬಂದ್ರಾ?" ಎಂದಳು. ಅಷ್ಟೇ.

ಪ್ರತಿ ವಾರ ಈ ಅಂಕಣದಲ್ಲಿ ಇಷ್ಟುದ್ದ ಬರೆಯೋ ನನಗೆ, ಆ ಎರಡು ಸಾಲು ಬರೆಯೋಕೆ ಏನು ಧಾಡಿ, ಹೇಳಿ?