ದೇವರಮನೆ ದಾರಿಯ ವಿಮಾನ

ದೇವರಮನೆ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ನಮ್ಮ ಪಕ್ಕದ ಎಸ್ಟೇಟಿನವರು ಒಂದು ವಿಮಾನ ತಂದು ನಿಲ್ಲಿಸಿದಾಗ ಮೊದಲು ಅನುಮಾನಪಟ್ಟವನು ನಾನೇ. ಲಾರಿಗಳಲ್ಲಿ ತುಂಡುತುಂಡಾಗಿ ಬಂದ ಅದನ್ನು ಕ್ರೇನಿನವರು ಹದಿನೈದು ದಿನ ಒದ್ದಾಡಿ ಜೋಡಿಸಿದರು. ರೆಕ್ಕೆಗೊಂದರಂತೆ ಎರಡು ಪ್ರೊಪೆಲ್ಲರಿದ್ದ, ನಲವತ್ತು ಚಿಲ್ಲರೆ ಜನ ಕೂರುವ ಹಳೆಯ ಟರ್ಬೊಪ್ರಾಪ್ ವಿಮಾನ ಅದು. ಒಳಗೆ ಕಾಫಿ ಹೋಟೆಲು ಮಾಡುವುದು ಅವರ ಯೋಚನೆ. ಬಾಗಿಲ ಬಳಿ ಆಗಲೇ ಬೋರ್ಡು ಬಂದಿತ್ತು: 'ಮಂಗಳೂರು-ಬೆಂಗಳೂರು ನಡುವೆ ಮೂವತ್ತು ವರ್ಷ ಹಾರಿದ ವಿಮಾನ. ಒಂದು ಗೀರೂ ಬಿದ್ದಿಲ್ಲ.'

"ಇಷ್ಟೆಲ್ಲ ನಿಮಗೆ ಯಾರು ಹೇಳಿದ್ರು?" ಎಂದು ಎಸ್ಟೇಟಿನವರನ್ನು ಕೇಳಿದೆ.

"ಮಾರಿದವ್ರೇ. ಕಾಗದಪತ್ರ ಆಮೇಲೆ ಕಳಿಸ್ತಾರಂತೆ."

ಆಮೇಲೆ ಬರುವ ಕಾಗದದ ಮೇಲೆ ನನಗೆ ನಂಬಿಕೆಯಿಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚೂ ಇತ್ತು. ನಮ್ಮದೂ ಒಂದು ಹೋಂಸ್ಟೇ ಇದೆ. ಕಾರುಗಳೆಲ್ಲ ಇನ್ನು ಅವರ ಗೇಟಿಗೇ ತಿರುಗುತ್ತವೆ ಎಂಬ ಚಿಂತೆ.

ಕಳಸದ ಹತ್ತಿರ ಸಂಸೆಯಲ್ಲಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ವಿಮಾನದ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಹಾಗೆಂದು ಅವರೇ ಹೇಳುತ್ತಿದ್ದರು. ಅಕ್ಕ ಊರಿನ ತೋಟ ನೋಡಿಕೊಂಡಿದ್ದಳು, ಭಾವ ರಜೆಗೆ ಬಂದು ಹೋಗುತ್ತಿದ್ದರು; ಅವರ ಕೆಲಸವನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಹೊರುತ್ತಿದ್ದಿರಬೇಕು ಎಂಬುದು ನಮ್ಮ ಮನೆಯವರ ಗುಮಾನಿ. ಅವರನ್ನು ಕರೆಸಿದರೆ ಎರಡು ಸುಳ್ಳಿನಲ್ಲಿ ಒಂದಾದರೂ ಬಯಲಾದೀತು ಎಂದು ಫೋನ್ ಮಾಡಿದೆ. ಮರುದಿನವೇ ಟಾರ್ಚು ಹಿಡಿದು ಮೂಡಿಗೆರೆಯಲ್ಲಿ ಬಸ್ಸಿಳಿದರು.

ಭಾವ ಕೂಡಲೇ ಒಳಗೆ ಹೋಗಲಿಲ್ಲ. ಹಸುವಿನ ಮೈ ಸವರುವಂತೆ ವಿಮಾನವನ್ನು ಸವರುತ್ತ ಒಂದು ಸುತ್ತು ಬಂದರು. ರೆಕ್ಕೆಯ ಹಿಂದೆ ಒಂದು ಕಡೆ ನಿಂತು ಬೆರಳಿನಿಂದ ಕುಟ್ಟಿದರು.

"ಇಲ್ಲಿ ಬಾ ಮಾರಾಯ. ತಗಡು ಜೋಡಿಸೋ ಈ ರಿವೆಟ್ ಮೊಳೆ ಸಾಲು ಹೊಸದು. ಮುಂದಿನ ಭಾಗ ಒಂದು ವಿಮಾನದ್ದು, ಹಿಂದಿನ ಭಾಗ ಇನ್ನೊಂದರದ್ದು."

ಎಸ್ಟೇಟಿನವರ ಮುಖ ಕೆಂಪಾಯಿತು. "ನನ್ನ ವ್ಯಾಪಾರ ಕೆಡಿಸೋಕೆ ಇವ್ರನ್ನ ಕರ್ಕೊಂಡು ಬಂದ್ರಾ?" ಎಂದು ನನ್ನನ್ನೇ ಕೇಳಿದರು. ಅದು ಅರ್ಧ ನಿಜವೇ ಆಗಿತ್ತು.

ಭಾವ ಬಾಲದ ಕಡೆ ಕೈ ತೋರಿಸಿದರು. "ಹಿಂದಿನದು ನನಗೆ ಗೊತ್ತಿರೋ ವಿಮಾನ. ಊಟ ತರೋ ವ್ಯಾನು ಗುದ್ದಿ ಇಲ್ಲಿ ನೆಗ್ಗಿತ್ತು. ತೇಪೆ ಹಾಕಿದ್ದು ನಾನೇ. ಒಳಗೆ ತೇಪೆ ತಗಡಿನ ಒಂದು ಮೂಲೆ ಕತ್ತರಿಸಿದೀನಿ, ಪೈಪಿಗೆ ತಾಗ್ತಿತ್ತು ಅಂತ."

"ಬಿಚ್ಚಿ ನೋಡೇ ಬಿಡೋಣ" ಎಂದು ಎಸ್ಟೇಟಿನವರು ಆಚಾರಿಯನ್ನು ಕರೆದರು. ಒಳಗೋಡೆಯ ಹಲಗೆ ಕಳಚಿತು. ಭಾವ ಟಾರ್ಚು ಬಿಟ್ಟರು. ತಗಡು ಇತ್ತು. ಅದರ ಮೂಲೆ ಕತ್ತರಿಸಿಯೂ ಇತ್ತು.

ಆಮೇಲೆ ಎಸ್ಟೇಟಿನವರು ಮಾರಿದವನಿಗೆ ಫೋನ್ ಹಚ್ಚಿದರು. ಅವನು ಮೊದಲು ಅದು ಒಂದೇ ವಿಮಾನವೆಂದು ಆಣೆ ಹಾಕಿದ. ಭಾವ ಫೋನ್ ಇಸಿದುಕೊಂಡು, ಮುಂದೆ ಮತ್ತು ಹಿಂದೆ ಕೆತ್ತಿದ್ದ ಎರಡು ಬೇರೆ ನಂಬರುಗಳನ್ನು ಓದಿದರು. "ಎರಡೂ ಒಂದೇ ಮಾಡೆಲ್ ಅಲ್ವಾ ಸಾರ್, ಏನೀಗ?" ಎಂದ.

ಒಂದು ವಾರ ಎಸ್ಟೇಟಿನವರು ನನ್ನ ಜೊತೆ ಮಾತು ಬಿಟ್ಟಿದ್ದರು. ನಂತರ ತಾವೇ ಬೋರ್ಡು ಕೀಳಿಸಿ, ಭಾವನನ್ನು ಕರೆಸಿ, "ನಿಜವಾದ ಕತೆ ಬರೆಸಿ, ನೀವು ಹೇಳಿದ ಹಾಗೇ ಹಾಕ್ತೀನಿ" ಎಂದರು. ಭಾವ ಹೇಳಿದರು: ಬಾಲದ ಭಾಗದ ವಿಮಾನ ಮೊದಲು ಪ್ರಯಾಣಿಕರನ್ನು ಹೊತ್ತಿತು, ವಯಸ್ಸಾದ ಮೇಲೆ ಸೀಟು ಕಳಚಿ ಸರಕು ಹೊತ್ತಿತು, ಕೊನೆಗೆ ಕಲಿಯುವವರು ಬಿಚ್ಚಿ ಜೋಡಿಸಲೆಂದು ಶೆಡ್ಡಿನ ಹಿಂದೆ ನಿಂತು ಹುಲ್ಲಿನಲ್ಲಿ ಮುಳುಗಿತು. ಮುಂಭಾಗದ್ದು?

"ಅದು ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರೀರಿ."

ಹಾಗೆಯೇ ಬರೆಸಿದರು. ಅಂದು ಭಾವನನ್ನು ಬಸ್‌ಸ್ಟ್ಯಾಂಡಿಗೆ ಬಿಡುವಾಗ ತಡೆಯಲಾಗದೆ ಹೇಳಿದೆ, "ಭಾವ, ನಾವ್ಯಾರೂ ನಿಮ್ಮನ್ನ ನಂಬಿರ್ಲಿಲ್ಲ."

"ಗೊತ್ತಿತ್ತು ಮಾರಾಯ. ನಿನ್ನ ಅಕ್ಕನೂ ನಂಬಿಲ್ಲ" ಎಂದು ಕಳಸದ ಬಸ್ಸು ಹತ್ತಿದರು.

ನನಗೆ ನಾಚಿಕೆಯಾಯಿತು. ಅವರು ಊರು ಮುಟ್ಟುವ ಮೊದಲೇ ಅಕ್ಕನಿಗೆ ಫೋನ್ ಮಾಡಿ ತೇಪೆಯ ಸಂಗತಿ ಪೂರ್ತಿ ಹೇಳಿದೆ. ಕೊನೆಗೆ ಅವಳು ದನಿ ತಗ್ಗಿಸಿ ಕೇಳಿದಳು:

"ಆ ಹಲಗೆ ಅದಕ್ಕೂ ಮುಂಚೆ ಯಾರೂ ಬಿಚ್ಚಿ ಇವ್ರಿಗೆ ತೋರಿಸಿರ್ಲಿಲ್ಲ ತಾನೆ?"