ಗಾಮಿನ್ ಅಂದರೆ ಯಾರು

ಶಿಡ್ಲಘಟ್ಟದ ರೇಷ್ಮೆ ಶೆಡ್ಡುಗಳಲ್ಲಿ ಮಕ್ಕಳು ದುಡೀತಾರಾ ಅಂತ ನೋಡೋಕೆ ಬಂದಿದ್ದ ಫ್ರೆಂಚ್ ಹೆಂಗಸೊಬ್ಬರಿಗೆ ನಾನು ದುಭಾಷಿಯಾಗಿ ಹೋಗಿದ್ದೆ. ಜೀಪಿನಲ್ಲಿ ಆಕೆ, "ನಮ್ಮಲ್ಲಿ ಬೀದಿ ಮಕ್ಕಳಿಗೆ ಗಾಮಿನ್ ಅಂತೀವಿ. ಮೊದಲು ಗಾಜಿನ ಕುಲುಮೆಯಲ್ಲಿ ದುಡಿಯೋ ಹುಡುಗರಿಗೆ ಆ ಹೆಸರಿತ್ತಂತೆ" ಅಂದರು.

ಶೆಡ್ಡಿನೊಳಗೆ ಮಾಲೀಕರನ್ನ ಬಿಟ್ಟರೆ ಯಾರೂ ಇಲ್ಲ. ಬಿಸಿನೀರಲ್ಲಿ ಗೂಡು ಕುದೀತಿತ್ತು. ರಾಟೆ ಮಾತ್ರ ತನ್ನಷ್ಟಕ್ಕೆ ಇನ್ನೂ ತಿರುಗುತ್ತಿತ್ತು.

"ಇಲ್ಲಿ ಯಾವ ಮಕ್ಕಳಿದಾವೆ ಸಾರ್? ಬೀದೀಲಿ ಆಡ್ಕೊಂತಾವೆ, ನೋಡಿ" ಅಂದರು ಮಾಲೀಕರು.

ಹೊರಗೆ ಮಕ್ಕಳು ಗೋಡೆಗೊರಗಿ ಸಾಲಾಗಿ ನಿಂತಿದ್ದರು. ಯಾರೂ ಆಡುತ್ತಿರಲಿಲ್ಲ. ನೆಂದು ಬಿಳಿಚಿಕೊಂಡ ಬೆರಳುಗಳಿಂದ ಆ ಬೆಳಗಿನ ಚಳಿಯಲ್ಲಿ ಹಬೆ ಏಳುತ್ತಿತ್ತು.

ಆ ಪದ ಕುಲುಮೆಯಿಂದ ಬೀದಿಗೆ ಬರೋಕೆ ಎಷ್ಟು ಕಾಲ ಹಿಡೀತೋ ಗೊತ್ತಿಲ್ಲ. ಇಲ್ಲಿ ನಮ್ಮ ಜೀಪಿನ ಸದ್ದೇ ಸಾಕಾಯಿತು.